ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ. ಎಸ್. ಮುದ್ದಪ್ಪ

ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ. ಎಸ್. ಮುದ್ದಪ್ಪ ಮತ್ತು ಇತರರು ಎಂಬುದು ಬಡಾವಣೆಯ ಸಾರ್ವಜನಿಕ ಉದ್ಯಾನಗಳ ರಕ್ಷಣೆಯ ಕುರಿತು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೯೧ರ ಜುಲೈ ೧೯ರಂದು ತೀರ್ಪು ನೀಡಿದ ಮೊಕದ್ದಮೆಯಾಗಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕಾಗಿ ಮೀಸಲಿಟ್ಟಿದ್ದ ಬಯಲು ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಹಂಚಿಕೆ ಮಾಡಲಾಗಿತ್ತು. ಬಡಾವಣೆಯ ನಿವಾಸಿಗಳು ಒಟ್ಟಾಗಿ ಈ ಹಂಚಿಕೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ನ್ಯಾಯಮೂರ್ತಿ ಟಿ. ಕೆ. ತೊಮ್ಮನ್ ಮತ್ತು ನ್ಯಾಯಮೂರ್ತಿ ಆರ್. ಎಂ. ಸಹಾಯ್ ಅವರಿದ್ದ ಪೀಠವು ನಿವಾಸಿಗಳ ಪರವಾಗಿ ತೀರ್ಪು ನೀಡಿತು.

ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಸರ್ಕಾರವಾಗಲಿ ಅಭಿವೃದ್ಧಿ ಪ್ರಾಧಿಕಾರವಾಗಲಿ ತಮ್ಮ ಇಚ್ಛೆಯಂತೆ ಬೇರೆ ಉಪಯೋಗಕ್ಕೆ ಬದಲಾಯಿಸುವಂತಿಲ್ಲ, ಅಂತಹ ಬದಲಾವಣೆಯನ್ನು ಪ್ರಶ್ನಿಸುವ ಹಕ್ಕು ಸ್ಥಳೀಯ ನಿವಾಸಿಗಳಿಗೆ ಇದೆ ಎಂಬುದು ಈ ತೀರ್ಪಿನ ಸಾರ. ಪರಿಸರ ಕಾನೂನು, ನಗರ ಯೋಜನೆ ಮತ್ತು ಆಡಳಿತ ಕಾನೂನುಗಳ ಅಧ್ಯಯನದಲ್ಲಿ ಈ ಮೊಕದ್ದಮೆಯನ್ನು ಮುಖ್ಯವೆಂದು ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಬೆಂಗಳೂರು ನಗರದ ಯೋಜಿತ ಬೆಳವಣಿಗೆಗಾಗಿ ೧೯೪೫ರ ಬೆಂಗಳೂರು ನಗರ ಸುಧಾರಣಾ ಕಾಯ್ದೆಯನ್ವಯ ನಗರ ಸುಧಾರಣಾ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ನಿವೇಶನ, ರಸ್ತೆ, ಚರಂಡಿ, ಉದ್ಯಾನ ಮೊದಲಾದವುಗಳನ್ನು ಗುರುತಿಸಿ ಬಡಾವಣೆಗಳ ಯೋಜನೆಯನ್ನು ಸಿದ್ಧಪಡಿಸುವುದು ಈ ಮಂಡಳಿಯ ಕೆಲಸವಾಗಿತ್ತು. ೧೯೭೬ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದು ಹಳೆಯ ಕಾಯ್ದೆ ರದ್ದಾಯಿತು. ಮಂಡಳಿಯ ಸ್ಥಾನದಲ್ಲಿ ಪ್ರಾಧಿಕಾರವು ರಚನೆಯಾಯಿತು. ಆದರೆ ಹಳೆಯ ಕಾಯ್ದೆಯಡಿ ಮಂಜೂರಾಗಿದ್ದ ಯೋಜನೆಗಳು ಹೊಸ ಕಾಯ್ದೆಯಡಿಯಲ್ಲಿಯೂ ಊರ್ಜಿತವಾಗಿ ಉಳಿದವು.

ಅಂತಹ ಯೋಜನೆಗಳಲ್ಲಿ ರಾಜಮಹಲ್ ವಿಲಾಸ ಬಡಾವಣೆಯೂ ಒಂದು. ಸದಾಶಿವನಗರವೆಂಬ ಹೆಸರಿನಿಂದಲೂ ಪರಿಚಿತವಾದ ಈ ಪ್ರದೇಶವು ೧೮೮೨ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆಯ ಸಮೀಪದಲ್ಲಿದೆ. ಈ ಬಡಾವಣೆಯ ಯೋಜನೆಯಲ್ಲಿ ಕೆರೆಯ ಬಳಿಯ ಒಂದು ಜಾಗವನ್ನು ಬಯಲು ಪ್ರದೇಶವಾಗಿ ಮೀಸಲಿಡಲಾಗಿತ್ತು. ಯೋಜನೆಯಲ್ಲಿ ಸಾರ್ವಜನಿಕ ಉದ್ಯಾನ ಅಥವಾ ಆಟದ ಮೈದಾನಕ್ಕೆ ಲಭ್ಯವಿದ್ದ ಜಾಗ ಅದೊಂದೇ ಎಂಬ ಅಂಶ ತೀರ್ಪಿನಲ್ಲಿ ದಾಖಲಾಗಿದೆ.

ಹಂಚಿಕೆ ಮತ್ತು ನಿವಾಸಿಗಳ ಆಕ್ಷೇಪಣೆ

ರಾಜ್ಯ ಸರ್ಕಾರವು ೧೯೭೬ರ ಮೇ ೨೭ ಮತ್ತು ಜೂನ್ ೧೧ರಂದು ಹೊರಡಿಸಿದ ಆದೇಶಗಳ ಅನುಸಾರ ಪ್ರಾಧಿಕಾರವು ಅದೇ ವರ್ಷದ ಜುಲೈ ೧೪ರಂದು ನಿರ್ಣಯವೊಂದನ್ನು ಕೈಗೊಂಡು ಆ ಜಾಗವನ್ನು ಟ್ರಸ್ಟಿಗೆ ಹಂಚಿಕೆ ಮಾಡಿತು. ಸರ್ಕಾರದ ಆದೇಶವು ಆಗಿನ ಮುಖ್ಯಮಂತ್ರಿಗಳ ಸೂಚನೆಯ ಮೇರೆಗೆ ಹೊರಟಿತ್ತು.

ನಿವಾಸಿಗಳು ರಿಟ್ ಅರ್ಜಿಯ ಮೂಲಕ ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆ ಹೋದರು. ಹಂಚಿಕೆಯು ಕಾಯ್ದೆಗೆ ಹಾಗೂ ಕಾಯ್ದೆಯಡಿ ಮಂಜೂರಾದ ಯೋಜನೆಗೆ ವಿರುದ್ಧವಾಗಿದೆ ಎಂಬುದು ಅವರ ಮೊದಲನೆಯ ವಾದ. ಗಾಳಿ ಬೆಳಕಿಗೆ, ವಿಹಾರಕ್ಕೆ ಮತ್ತು ಮಕ್ಕಳ ಆಟಕ್ಕೆ ಬಯಲು ಜಾಗವನ್ನು ಉಳಿಸಬೇಕೆಂಬ ಶಾಸನದ ಉದ್ದೇಶವೇ ಇದರಿಂದ ಸೋತುಹೋಗುತ್ತದೆ ಎಂಬುದು ಎರಡನೆಯದು.

ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಈ ವಾದವನ್ನು ಒಪ್ಪಲಿಲ್ಲ. ಆಸ್ಪತ್ರೆಯೂ ಒಂದು ನಾಗರಿಕ ಸೌಲಭ್ಯವೇ ಆಗಿರುವುದರಿಂದ ಹಂಚಿಕೆಯಲ್ಲಿ ದೋಷವಿಲ್ಲವೆಂದು ಅರ್ಜಿಯನ್ನು ವಜಾಗೊಳಿಸಿತು. ನಿವಾಸಿಗಳು ಮೇಲ್ಮನವಿ ಸಲ್ಲಿಸಿದಾಗ ವಿಭಾಗೀಯ ಪೀಠವು ಈ ನಿರ್ಣಯವನ್ನು ತಳ್ಳಿಹಾಕಿ, ಉದ್ಯಾನಕ್ಕೆ ಮೀಸಲಾದ ಜಾಗವನ್ನು ಆಸ್ಪತ್ರೆಗೆ ಕೊಡಲು ಬರುವುದಿಲ್ಲವೆಂದು ಹೇಳಿತು. ಇದರ ವಿರುದ್ಧ ಟ್ರಸ್ಟ್ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಹಂಚಿಕೆಯ ನಿರ್ಣಯದಿಂದ ಅಂತಿಮ ತೀರ್ಪಿನವರೆಗೆ ೧೫ ವರ್ಷಗಳು ಕಳೆದಿದ್ದವು.

ಸರ್ವೋಚ್ಚ ನ್ಯಾಯಾಲಯದ ತೀರ್ಪು

ನ್ಯಾಯಾಲಯದ ಮುಂದೆ ಮುಖ್ಯವಾಗಿ ನಾಲ್ಕು ಪ್ರಶ್ನೆಗಳಿದ್ದವು: ಮಂಜೂರಾದ ಯೋಜನೆಯನ್ನು ಈ ರೀತಿ ಬದಲಾಯಿಸಬಹುದೇ, ಬದಲಾಯಿಸುವ ಅಧಿಕಾರ ಯಾರದು, ಉದ್ಯಾನದ ಬದಲಿಗೆ ಆಸ್ಪತ್ರೆ ಸಲ್ಲುತ್ತದೆಯೇ, ಮತ್ತು ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆಯೇ. ಇಬ್ಬರು ನ್ಯಾಯಮೂರ್ತಿಗಳೂ ಪ್ರತ್ಯೇಕವಾಗಿ ಅಭಿಪ್ರಾಯ ಬರೆದು ಒಂದೇ ತೀರ್ಮಾನಕ್ಕೆ ಬಂದರು.

ಯೋಜನೆಯ ಬದಲಾವಣೆ: ಅಭಿವೃದ್ಧಿ ಯೋಜನೆಯೊಂದು ಅಧಿಕಾರಿಗಳ ಕಡತದಲ್ಲಿರುವ ಬರಿಯ ನಕ್ಷೆಯಲ್ಲ. ಕಾಯ್ದೆಯ ಪ್ರಕಾರ ಯೋಜನೆಯನ್ನು ಸಿದ್ಧಪಡಿಸಿ, ಪ್ರಕಟಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, ಬಳಿಕ ಸರ್ಕಾರದ ಮಂಜೂರಾತಿ ಪಡೆಯಬೇಕು. ಈ ಹಂತಗಳನ್ನು ದಾಟಿದ ಯೋಜನೆಗೆ ಶಾಸನದ ಬಲವಿರುತ್ತದೆ. ಕಾಯ್ದೆಯ ೧೯ನೇ ಕಲಮಿನ ೪ನೇ ಉಪಕಲಮು ಯೋಜನೆಯಲ್ಲಿ ಸುಧಾರಣೆ ಸಾಧ್ಯವೆಂದು ಕಂಡಾಗ ಅದನ್ನು ಮಾರ್ಪಡಿಸಲು ಪ್ರಾಧಿಕಾರಕ್ಕೆ ಅವಕಾಶ ನೀಡುತ್ತದೆ. ಆದರೆ ಆ ಮಾರ್ಪಾಟು ಸುಧಾರಣೆಗಾಗಿಯೇ ಇರಬೇಕು. ಉದ್ಯಾನವನ್ನೇ ಇಲ್ಲವಾಗಿಸುವ ಬದಲಾವಣೆಯನ್ನು ಸುಧಾರಣೆಯೆಂದು ಕರೆಯಲಾಗದು ಎಂದು ನ್ಯಾಯಾಲಯ ಹೇಳಿತು.

ಅಧಿಕಾರದ ಪ್ರಶ್ನೆ: ಮಾರ್ಪಾಟಿನ ಅಧಿಕಾರವನ್ನು ಶಾಸನವು ಪ್ರಾಧಿಕಾರಕ್ಕೆ ಕೊಟ್ಟಿದೆ, ಸರ್ಕಾರಕ್ಕಲ್ಲ. ಕಾಯ್ದೆಯ ೬೫ನೇ ಕಲಮು ಪ್ರಾಧಿಕಾರಕ್ಕೆ ನಿರ್ದೇಶನ ನೀಡಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆಯಾದರೂ, ಆ ನಿರ್ದೇಶನಗಳು ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು ಬೇಕಾದವುಗಳಾಗಿರಬೇಕು. ಕಾಯ್ದೆಯ ಉದ್ದೇಶಕ್ಕೆ ವಿರುದ್ಧವಾದ ನಿರ್ದೇಶನ ಊರ್ಜಿತವಾಗುವುದಿಲ್ಲ. ಪ್ರಾಧಿಕಾರವು ಸ್ವತಂತ್ರವಾಗಿ ವಿವೇಚಿಸದೆ ಮೇಲಿನಿಂದ ಬಂದ ಆದೇಶವನ್ನು ಹಾಗೆಯೇ ಪಾಲಿಸಿದ್ದು ತಪ್ಪೆಂದು ನ್ಯಾಯಾಲಯವು ಎತ್ತಿ ತೋರಿಸಿತು. ವಿವೇಚನಾಧಿಕಾರವೆಂದರೆ ಮನಬಂದಂತೆ ನಡೆಯುವ ಅಧಿಕಾರವಲ್ಲ, ಅದನ್ನು ಚಲಾಯಿಸುವವರು ಜನರಿಗೆ ಉತ್ತರದಾಯಿಗಳು ಎಂಬ ತತ್ತ್ವವನ್ನು ನ್ಯಾಯಮೂರ್ತಿ ಸಹಾಯ್ ವಿಸ್ತಾರವಾಗಿ ಪ್ರತಿಪಾದಿಸಿದರು.

ಉದ್ಯಾನ ಮತ್ತು ಆಸ್ಪತ್ರೆ: ಮೊಕದ್ದಮೆಯ ಕಠಿಣವಾದ ಪ್ರಶ್ನೆ ಇದೇ ಆಗಿತ್ತು. ರೋಗಿಗಳಿಗೆ ಚಿಕಿತ್ಸೆ ನೀಡುವ ಸಂಸ್ಥೆಯೂ ಸಮಾಜಕ್ಕೆ ಬೇಕಾದದ್ದೇ. ಆದರೆ ಒಂದು ಅಗತ್ಯವನ್ನು ಪೂರೈಸಲು ಇನ್ನೊಂದನ್ನು ಬಲಿಕೊಡುವುದು ಸರಿಯಲ್ಲ. ಉದ್ಯಾನ ಮತ್ತು ಆಸ್ಪತ್ರೆಗಳು ಒಂದಕ್ಕೊಂದು ಪರ್ಯಾಯವಲ್ಲ. ಅದರಲ್ಲಿಯೂ ಖಾಸಗಿ ಶುಶ್ರೂಷಾಲಯವು ಎಲ್ಲರಿಗೂ ಮುಕ್ತವಾದ ಉದ್ಯಾನದ ಸ್ಥಾನವನ್ನು ತುಂಬಲಾರದು ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ಉದ್ಯಾನವಿಹಾರವು ಹಿಂದೆ ಅರಸರ ಮತ್ತು ಸಿರಿವಂತರ ಸೊತ್ತಾಗಿತ್ತು. ೧೯ ಮತ್ತು ೨೦ನೇ ಶತಮಾನಗಳಲ್ಲಿ ಸಮಾನತೆಯ ಕಲ್ಪನೆ ಬೆಳೆದಂತೆ ಅದು ಸಾಮಾನ್ಯ ಜನರದ್ದಾಯಿತು ಎಂಬ ಐತಿಹಾಸಿಕ ವಿವರಣೆಯೂ ನ್ಯಾಯಮೂರ್ತಿ ಸಹಾಯ್ ಅವರ ಅಭಿಪ್ರಾಯದಲ್ಲಿದೆ.

ನಿವಾಸಿಗಳ ಹಕ್ಕು: ಹಂಚಿಕೆಯಿಂದ ನಿವಾಸಿಗಳಿಗೆ ವೈಯಕ್ತಿಕವಾಗಿ ಯಾವ ನಷ್ಟವೂ ಆಗಿಲ್ಲ, ಆದ್ದರಿಂದ ಅವರಿಗೆ ಅರ್ಜಿ ಸಲ್ಲಿಸುವ ಹಕ್ಕಿಲ್ಲ ಎಂಬ ವಾದವನ್ನು ನ್ಯಾಯಾಲಯ ತಿರಸ್ಕರಿಸಿತು. ಬಯಲು ಜಾಗ ಕಳೆದುಹೋದಾಗ ನೇರವಾಗಿ ಬಾಧಿತರಾಗುವವರು ಅಲ್ಲಿ ವಾಸಿಸುವವರೇ. ಆದ್ದರಿಂದ ಶಾಸನದ ಉಲ್ಲಂಘನೆಯನ್ನು ನ್ಯಾಯಾಲಯದ ಗಮನಕ್ಕೆ ತರಲು ಅವರು ಅರ್ಹರೆಂದು ಹೇಳಿ, ಟ್ರಸ್ಟಿನ ಮೇಲ್ಮನವಿಯನ್ನು ವಜಾಗೊಳಿಸಿತು.

ಇದಕ್ಕೂ ಮುನ್ನ ೧೯೭೪ರಲ್ಲಿ, ಕೆ. ರಾಮದಾಸ ಶೆಣೈ ವಿರುದ್ಧ ಉಡುಪಿ ಪುರಸಭೆ ಮೊಕದ್ದಮೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಇಂತಹದೇ ನಿಲುವು ತಳೆದಿತ್ತು. ಉಡುಪಿಯ ವಸತಿ ಪ್ರದೇಶದಲ್ಲಿ ಕಲ್ಯಾಣ ಮಂಟಪವಾಗಬೇಕಿದ್ದ ಕಟ್ಟಡವನ್ನು ಚಿತ್ರಮಂದಿರವನ್ನಾಗಿ ಪರಿವರ್ತಿಸಲು ನೀಡಿದ ಅನುಮತಿಯನ್ನು ಅಲ್ಲಿನ ನಿವಾಸಿಯೊಬ್ಬರು ಪ್ರಶ್ನಿಸಿ ಗೆದ್ದಿದ್ದರು.

ನಂತರದ ಮೊಕದ್ದಮೆಗಳ ಮೇಲೆ ಪ್ರಭಾವ

ಹರಿಯಾಣದ ಥಾನೇಸರದಲ್ಲಿ ಬಯಲಾಗಿ ಉಳಿಯಬೇಕಿದ್ದ ಜಾಗವನ್ನು ಧರ್ಮಶಾಲೆ ಕಟ್ಟಲು ಕೊಟ್ಟಾಗ, ವೀರೇಂದರ್ ಗೌರ್ ವಿರುದ್ಧ ಹರಿಯಾಣ ರಾಜ್ಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹಂಚಿಕೆಯನ್ನು ರದ್ದುಗೊಳಿಸಿತು. ಸಂವಿಧಾನದ ೨೧ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಉತ್ತಮ ಪರಿಸರದ ಹಕ್ಕೂ ಸೇರಿದೆ ಎಂದು ಅಲ್ಲಿ ವಿವರಿಸಲಾಯಿತು.

ಲಖನೌ ನಗರದ ಅಮೀನಾಬಾದಿನಲ್ಲಿರುವ ಝಂಡೇವಾಲಾ ಉದ್ಯಾನದ ಮೊಕದ್ದಮೆ ಇನ್ನೂ ತೀಕ್ಷ್ಣವಾದುದು. ಅಲ್ಲಿ ಉದ್ಯಾನದ ಅಡಿಯಲ್ಲಿ ನೆಲಮಾಳಿಗೆಯ ಮಾರುಕಟ್ಟೆ ಕಟ್ಟಲು ನಗರಾಡಳಿತವು ಖಾಸಗಿ ನಿರ್ಮಾಣ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ೧೯೯೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿರ್ಮಾಣವನ್ನು ಕೆಡವಿ ಉದ್ಯಾನವನ್ನು ಮೊದಲಿನ ಸ್ಥಿತಿಗೆ ತರಬೇಕೆಂದು ಆದೇಶಿಸಿತು.

ಸಂಬಂಧಿಸಿದ ಕಾನೂನುಗಳು

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ೧೬ನೇ ಕಲಮಿನ ಪ್ರಕಾರ ಬಡಾವಣೆಯ ಒಟ್ಟು ವಿಸ್ತೀರ್ಣದ ಕನಿಷ್ಠ ಶೇಕಡ ೧೫ರಷ್ಟು ಉದ್ಯಾನ ಮತ್ತು ಆಟದ ಮೈದಾನಗಳಿಗೆ ಮೀಸಲಾಗಬೇಕು. ನಾಗರಿಕ ಸೌಲಭ್ಯಗಳಿಗೆ ಇದಲ್ಲದೆ ಕನಿಷ್ಠ ಶೇಕಡ ೧೦ರಷ್ಟನ್ನು ಬಿಡಬೇಕು. ಅಂದರೆ ೧೦೦ ಎಕರೆಯ ಬಡಾವಣೆಯಲ್ಲಿ ಕನಿಷ್ಠ ೧೫ ಎಕರೆ ಉದ್ಯಾನ ಮತ್ತು ಮೈದಾನಗಳಿಗೆ, ೧೦ ಎಕರೆ ಶಾಲೆ, ಅಂಚೆ ಕಚೇರಿ, ಗ್ರಂಥಾಲಯ ಮುಂತಾದವುಗಳಿಗೆ ಸಲ್ಲಬೇಕು. ಈ ಎರಡನ್ನೂ ಶಾಸನವು ಬೇರೆ ಬೇರೆಯಾಗಿ ಎಣಿಸಿರುವುದನ್ನು ಗಮನಿಸಬೇಕು. ತಿದ್ದುಪಡಿಯ ಮೂಲಕ ಸೇರಿಸಲಾದ ೩೮-ಎ ಕಲಮಿನಂತೆ, ಉದ್ಯಾನ ಮತ್ತು ಮೈದಾನಗಳಿಗೆ ಮೀಸಲಾದ ಜಾಗವನ್ನು ಪ್ರಾಧಿಕಾರವು ಬೇರೆ ಉದ್ದೇಶಕ್ಕೆ ಮಾರುವಂತಿಲ್ಲ ಅಥವಾ ವಿಲೇವಾರಿ ಮಾಡುವಂತಿಲ್ಲ. ಮಾಡಿದರೂ ಅದು ಅಸಿಂಧು.

ಕರ್ನಾಟಕದಲ್ಲಿ ಇನ್ನೆರಡು ಕಾಯ್ದೆಗಳು ಈ ವಿಷಯಕ್ಕೆ ಸಂಬಂಧಿಸಿವೆ. ೧೯೭೫ರ ಕರ್ನಾಟಕ ಸರ್ಕಾರಿ ಉದ್ಯಾನಗಳ (ಸಂರಕ್ಷಣೆ) ಕಾಯ್ದೆಯು ಕಬ್ಬನ್ ಉದ್ಯಾನ ಮತ್ತು ಲಾಲ್‌ಬಾಗಿನಂತಹ ಸರ್ಕಾರಿ ಉದ್ಯಾನಗಳಿಗೆ ಅನ್ವಯಿಸುತ್ತದೆ. ೧೯೮೫ರ ಕರ್ನಾಟಕ ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಕಾಯ್ದೆಯು ನಗರ ಪಟ್ಟಣಗಳಲ್ಲಿರುವ ಇಂತಹ ಜಾಗಗಳ ಪಟ್ಟಿಯನ್ನು ಸಿದ್ಧಪಡಿಸಿ, ಅವುಗಳನ್ನು ಅದೇ ಉಪಯೋಗಕ್ಕೆ ಉಳಿಸಿಕೊಳ್ಳುವುದನ್ನು ಕಡ್ಡಾಯಗೊಳಿಸುತ್ತದೆ.

ಉದ್ಯಾನ ಸುಧಾರಣೆಯಲ್ಲಿ ನಿವಾಸಿಗಳ ಪಾತ್ರ

ಬಡಾವಣೆಯ ಉದ್ಯಾನವನ್ನು ಸುಧಾರಿಸಲು ಹೊರಡುವ ನಿವಾಸಿಗಳು ಸಾಮಾನ್ಯವಾಗಿ ಗಿಡ ನೆಡುವುದು, ನಡಿಗೆಯ ಹಾದಿಯನ್ನು ಸರಿಪಡಿಸುವುದು, ಉದುರಿದ ಎಲೆಗಳಿಂದ ಗೊಬ್ಬರ ತಯಾರಿಸುವುದು, ಮಕ್ಕಳ ಆಟದ ಸಾಧನಗಳನ್ನು ದುರಸ್ತಿಗೊಳಿಸುವುದು ಮೊದಲಾದ ಕೆಲಸಗಳಿಗೆ ಕೈಹಾಕುತ್ತಾರೆ. ಈ ಎಲ್ಲ ಶ್ರಮವೂ ಜಾಗವು ಉದ್ಯಾನವಾಗಿಯೇ ಉಳಿಯುತ್ತದೆ ಎಂಬ ಭರವಸೆಯನ್ನು ಅವಲಂಬಿಸಿದೆ. ಅಂತಹ ಭರವಸೆಗೆ ಕಾನೂನಿನ ಬಲ ನೀಡಿರುವುದು ಮುದ್ದಪ್ಪ ಮೊಕದ್ದಮೆಯ ಪ್ರಾಯೋಗಿಕ ಮಹತ್ವ.

ಈ ದೃಷ್ಟಿಯಿಂದ ಬಡಾವಣೆಯ ಮಂಜೂರಾದ ನಕ್ಷೆಯೇ ನಿವಾಸಿಗಳ ಬಳಿ ಇರಬೇಕಾದ ಮೊದಲ ದಾಖಲೆ. ಯಾವ ಜಾಗ ಯಾವ ಉದ್ದೇಶಕ್ಕೆ ಮೀಸಲಾಗಿದೆ ಎಂಬುದು ಅದರಿಂದ ತಿಳಿಯುತ್ತದೆ. ೨೦೦೫ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಬಹುದು. ಮೀಸಲು ಜಾಗದ ಉಪಯೋಗವನ್ನು ಬದಲಾಯಿಸುವ ಪ್ರಯತ್ನ ಕಂಡುಬಂದಲ್ಲಿ ಮೊದಲು ಲಿಖಿತ ಆಕ್ಷೇಪಣೆ ಸಲ್ಲಿಸುವುದು, ಬಳಿಕ ಅಗತ್ಯವಾದರೆ ಸಂವಿಧಾನದ ೨೨೬ನೇ ವಿಧಿಯನ್ವಯ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸುವುದು ಲಭ್ಯವಿರುವ ಮಾರ್ಗಗಳು.

ನಿತ್ಯದ ನಿರ್ವಹಣೆಗೆ ಬೇರೆ ವೇದಿಕೆಯಿದೆ. ೭೪ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ೧೨ನೇ ಅನುಸೂಚಿಯಲ್ಲಿ ಉದ್ಯಾನ, ತೋಟ ಮತ್ತು ಆಟದ ಮೈದಾನಗಳನ್ನು ಒದಗಿಸುವುದು ನಗರ ಸ್ಥಳೀಯ ಸಂಸ್ಥೆಗಳ ಕಾರ್ಯಗಳಲ್ಲಿ ಒಂದೆಂದು ಹೆಸರಿಸಲಾಗಿದೆ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಇದೇ ತಿದ್ದುಪಡಿ ವಿಧಿಸಿತು. ನೀರು, ದೀಪ, ಬೇಲಿ, ಶುಚಿತ್ವಗಳಂತಹ ವಿಷಯಗಳನ್ನು ನಿವಾಸಿಗಳು ಈ ಸಮಿತಿಗಳ ಮುಂದೆ ಇಡಬಹುದು.

ತೀರ್ಪಿಗೆ ಅದರದೇ ಮಿತಿಗಳಿವೆ. ಅದು ಜಾಗವನ್ನು ರಕ್ಷಿಸುತ್ತದೆಯೇ ಹೊರತು ಗಿಡಗಳಿಗೆ ನೀರೆರೆಯುವುದಿಲ್ಲ. ಪಾಳುಬಿದ್ದ ಉದ್ಯಾನವೂ ಕಾನೂನಿನ ದೃಷ್ಟಿಯಲ್ಲಿ ಉದ್ಯಾನವೇ. ಹಾಗೆಯೇ, ಉದ್ಯಾನವನ್ನು ಉಳಿಸಿ ಬೆಳೆಸಿದ ಮಾತ್ರಕ್ಕೆ ಅದು ನಿವಾಸಿಗಳ ಸಂಘದ ಸ್ವತ್ತಾಗುವುದಿಲ್ಲ. ಬೀದಿ ಬದಿಯ ವ್ಯಾಪಾರಿ, ಮನೆಗೆಲಸದವರು, ಪಕ್ಕದ ಬಡಾವಣೆಯ ಮಕ್ಕಳು ಇವರೆಲ್ಲರೂ ಸಾರ್ವಜನಿಕರೇ. ಖಾಸಗಿ ಉಪಯೋಗಕ್ಕೆ ಹೋಗಬಾರದೆಂದು ಉಳಿಸಿಕೊಂಡ ಜಾಗವು ಎಲ್ಲರಿಗೂ ತೆರೆದಿದ್ದಾಗ ಮಾತ್ರ ತೀರ್ಪಿನ ಆಶಯ ಈಡೇರುತ್ತದೆ.