ಸೀಸದ ಗುಂಡುಗಳ ಎರಕ

ಸೀಸದ ಗುಂಡುಗಳ ಎರಕವು ಸೀಸವನ್ನು ಅಥವಾ ಸೀಸವೇ ಪ್ರಧಾನವಾಗಿರುವ ಮಿಶ್ರಲೋಹವನ್ನು ಕರಗಿಸಿ, ಲೋಹದ ಅಚ್ಚಿನಲ್ಲಿ ಸುರಿದು, ಬಂದೂಕು ಮತ್ತು ಕೈಬಂದೂಕುಗಳಿಗೆ ಗುಂಡುಗಳನ್ನು ತಯಾರಿಸುವ ವಿಧಾನವಾಗಿದೆ. ಇಲ್ಲಿ ಗುಂಡು ಎಂಬ ಪದವು ನಳಿಗೆಯಿಂದ ಹೊರಹಾರುವ ಲೋಹದ ತುಂಡನ್ನು ಮಾತ್ರ ಸೂಚಿಸುತ್ತದೆ. ಮದ್ದು ಹಾಗೂ ಹಿತ್ತಾಳೆಯ ಕೋಶವನ್ನು ಒಳಗೊಂಡ ಇಡೀ ತೋಟಾವನ್ನಲ್ಲ. ಕೈಗಾರಿಕೆಗಳು ಬೆಳೆದ ಮೇಲೆಯೂ ಈ ಕೆಲಸ ಮನೆಯ ಮಟ್ಟದಲ್ಲಿ ಉಳಿದುಕೊಂಡಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುರಿಕಾರರು ಮತ್ತು ಬೇಟೆಗಾರರು ಇದನ್ನು ಹವ್ಯಾಸವಾಗಿ ನಡೆಸುತ್ತಾರೆ. ಹೊಸಬರ ಗುಂಡುಗಳಲ್ಲಿ ಕಾಣುವ ಹೆಚ್ಚಿನ ದೋಷಗಳಿಗೆ ಕಾರಣ ಲೋಹವಲ್ಲ, ಅಚ್ಚಿನ ಶಾಖ. ಈ ಕೆಲಸದ ದೊಡ್ಡ ಅಪಾಯವೂ ಹಲವರು ಊಹಿಸುವಂತೆ ಹೊಗೆಯಲ್ಲಿಲ್ಲ, ಕೈಗೆ ಅಂಟುವ ಧೂಳಿನಲ್ಲಿದೆ.

ಇತಿಹಾಸ

ಶುದ್ಧ ಸೀಸವು 327.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೌದೆಯ ಬೆಂಕಿಗೂ ಈ ಶಾಖ ಎಟಕುವುದರಿಂದ ಬತ್ತಿಕೋವಿಗಳ ಕಾಲದ ಸೈನಿಕರು ಬಿಡಾರದಲ್ಲಿಯೇ ಗುಂಡು ಎರೆದುಕೊಳ್ಳಬಹುದಾಗಿತ್ತು. ಅದಕ್ಕೆ ಇಕ್ಕಳದಂತಹ ಒಂದು ಚಿಕ್ಕ ಅಚ್ಚು ಮತ್ತು ಸೌಟು ಸಾಕಾಗುತ್ತಿತ್ತು.

ಮನೆಯ ಎರಕಕ್ಕೆ ಸಂಬಂಧಿಸಿದ ಪ್ರಸಿದ್ಧ ದಾಖಲೆಯೊಂದು ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದ್ದು. 1776ರ ಜುಲೈ 9ರಂದು ನ್ಯೂಯಾರ್ಕ್ ನಗರದ ಬೌಲಿಂಗ್ ಗ್ರೀನ್‌ನಲ್ಲಿದ್ದ ದೊರೆ ಮೂರನೆಯ ಜಾರ್ಜ್‌ನ ಸೀಸದ ಪ್ರತಿಮೆಯನ್ನು ಜನರು ಉರುಳಿಸಿದರು. ಅದರ ಬಹುಪಾಲು ತುಂಡುಗಳನ್ನು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ಗೆ ಸಾಗಿಸಿ, ಆಲಿವರ್ ವೋಲ್ಕಾಟ್‌ನ ಮನೆಯಲ್ಲಿ ಕರಗಿಸಿ, 42,088 ಗುಂಡುಗಳನ್ನು ಎರೆಯಲಾಯಿತು. ಯಾರು ಎಷ್ಟು ಎರೆದರೆಂಬ ಪಟ್ಟಿ ಉಳಿದಿದ್ದು, ಅದರಲ್ಲಿ ವೋಲ್ಕಾಟ್‌ನ ಹೆಣ್ಣುಮಕ್ಕಳ ಮತ್ತು ಚಿಕ್ಕ ವಯಸ್ಸಿನ ಮಗನ ಹೆಸರುಗಳೂ ಇವೆ. ಮಕ್ಕಳ ಕೈಗೆ ಸೀಸ ಕೊಡಬಾರದೆಂಬ ಅರಿವು ಆಗ ಇರಲಿಲ್ಲ.

1849ರಲ್ಲಿ ಫ್ರಾನ್ಸಿನ ಕ್ಲೋಡ್ ಎಟಿಯೆನ್ ಮಿನಿಯೆ ತಳದಲ್ಲಿ ಕುಳಿಯಿರುವ ಉದ್ದನೆಯ ಗುಂಡನ್ನು ರೂಪಿಸಿದನು. ಸಿಡಿದಾಗ ಕುಳಿಯ ಅಂಚು ಹಿಗ್ಗಿ ನಳಿಗೆಯ ಸುರುಳಿ ಗೀರುಗಳನ್ನು ಹಿಡಿಯುವ ಈ ಗುಂಡಿನೊಂದಿಗೆ, ಅಚ್ಚಿನ ನಿಖರತೆ ಮತ್ತು ತಳದ ಅಂಚಿನ ಪೂರ್ಣತೆ ಹಿಂದೆಂದಿಗಿಂತ ಮುಖ್ಯವಾದವು.

ಲೋಹ

ಶುದ್ಧ ಸೀಸ ಉಗುರಿನಿಂದ ಗೀರಬಹುದಾದಷ್ಟು ಮೆದು. ಬ್ರಿನೆಲ್ ಮಾನದಲ್ಲಿ ಅದರ ಕಾಠಿಣ್ಯ ಸುಮಾರು 5. ಆಂಟಿಮನಿ ಸೇರಿಸಿದರೆ ಕಾಠಿಣ್ಯ ಹೆಚ್ಚುತ್ತದೆ. ತವರ ಸೇರಿಸಿದರೆ ಕರಗಿದ ಲೋಹದ ಮೇಲ್ಮೈ ಎಳೆತ ತಗ್ಗಿ, ಅದು ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಬಹುಬಳಕೆಯ ಒಂದು ಮಿಶ್ರಣದಲ್ಲಿ ಶೇ. 90ರಷ್ಟು ಸೀಸ, ಶೇ. 5ರಷ್ಟು ತವರ ಮತ್ತು ಶೇ. 5ರಷ್ಟು ಆಂಟಿಮನಿ ಇದ್ದು, ಅದರ ಕಾಠಿಣ್ಯ ಸುಮಾರು 15 ಇರುತ್ತದೆ. ಮುದ್ರಣಾಲಯಗಳ ಲೈನೋಟೈಪ್ ಅಚ್ಚುಮೊಳೆ ಲೋಹದಲ್ಲಿ ಆಂಟಿಮನಿ ಶೇ. 12ರ ಆಸುಪಾಸಿನಲ್ಲಿತ್ತು. ಆ ಯಂತ್ರಗಳು ಮೂಲೆಗೆ ಸರಿದಾಗ ಅವುಗಳ ಲೋಹ ಹವ್ಯಾಸಿಗಳ ಪಾಲಾಯಿತು.

ವಾಹನಗಳ ಚಕ್ರದ ಸಮತೋಲನಕ್ಕೆ ಹಚ್ಚುವ ಹಳೆಯ ತೂಕದ ತುಂಡುಗಳು ಬಹುಕಾಲ ಅಗ್ಗದ ಮೂಲವಾಗಿದ್ದವು. ಈಗ ಅವುಗಳಲ್ಲಿ ಸತುವಿನ ಮತ್ತು ಉಕ್ಕಿನ ತುಂಡುಗಳೂ ಬೆರೆತಿರುತ್ತವೆ. ಉಕ್ಕು ಕರಗದೆ ತೇಲುವುದರಿಂದ ತೊಂದರೆಯಿಲ್ಲ. ಸತು 419.5 ಡಿಗ್ರಿಯಲ್ಲಿ ಕರಗಿ ಸೀಸದೊಡನೆ ಬೆರೆಯುತ್ತದೆ. ಆಗ ಲೋಹ ಗಂಜಿಯಂತಾಗಿ ಅಚ್ಚನ್ನು ತುಂಬುವುದಿಲ್ಲ. ಪಾತ್ರೆಯ ಶಾಖವನ್ನು ಆ ಮಿತಿಗಿಂತ ಸಾಕಷ್ಟು ಕೆಳಗಿಟ್ಟರೆ ಸತುವಿನ ತುಂಡುಗಳು ಮೇಲೆ ತೇಲುತ್ತವೆ, ಅವುಗಳನ್ನು ಹೆಕ್ಕಿ ತೆಗೆಯಬಹುದು. ಉಷ್ಣತಾಮಾಪಕ ಕೊಳ್ಳದೆ ಅಂದಾಜಿನ ಮೇಲೆ ಕರಗಿಸುವವರು ಇಡೀ ಪಾತ್ರೆಯ ಲೋಹವನ್ನು ಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಗಟ್ಟಿಯಾದ ಗುಂಡೇ ಉತ್ತಮ ಗುಂಡು ಎಂಬುದು ಹೊಸಬರಲ್ಲಿ ವ್ಯಾಪಕವಾಗಿರುವ ತಪ್ಪು ಗ್ರಹಿಕೆ. ಕಡಿಮೆ ಒತ್ತಡದ ಕೈಬಂದೂಕುಗಳಲ್ಲಿ ಅತಿ ಗಟ್ಟಿಯಾದ ಗುಂಡು ಹಿಗ್ಗಿ ನಳಿಗೆಯನ್ನು ಮುಚ್ಚಲಾರದು. ಬಿಸಿ ಅನಿಲ ಅದರ ಪಕ್ಕದಿಂದ ನುಗ್ಗಿ, ಸೀಸವನ್ನು ಸವೆಸಿ ನಳಿಗೆಯ ಒಳಮೈಗೆ ಮೆತ್ತುತ್ತದೆ.

ಎರೆಯುವ ಕ್ರಮ

ಅಚ್ಚು ಎಂದರೆ ಹಿಡಿಕೆಗಳಿಗೆ ಜೋಡಿಸಿದ ಎರಡು ಲೋಹದ ಬಿಲ್ಲೆಗಳು. ಅವು ಅಲ್ಯೂಮಿನಿಯಂ, ಹಿತ್ತಾಳೆ ಅಥವಾ ಕಬ್ಬಿಣದವು. ಎರಡನ್ನೂ ಸೇರಿಸಿದಾಗ ನಡುವೆ ಗುಂಡಿನಾಕಾರದ ಪೊಳ್ಳು ಏರ್ಪಡುತ್ತದೆ. ಒಳಮುಖದಲ್ಲಿರುವ ಕೂದಲೆಳೆಯಂತಹ ಗೀರುಗಳು ಗಾಳಿ ಹೊರಹೋಗುವ ದಾರಿ. ಮೇಲ್ಗಡೆ ಸ್ಪ್ರೂ ಪ್ಲೇಟ್ ಎಂಬ, ರಂಧ್ರವುಳ್ಳ ತಿರುಗು ಫಲಕವಿರುತ್ತದೆ. ರಂಧ್ರದ ಮೂಲಕ ಲೋಹವನ್ನು ಸುರಿದು, ಅದು ಗಟ್ಟಿಯಾದ ಮೇಲೆ ಫಲಕವನ್ನು ತಿರುಗಿಸಿದರೆ ಮೇಲುಳಿದ ಸೀಸ ಕತ್ತರಿಸಿ ಬೇರ್ಪಡುತ್ತದೆ.

ಕರಗಿದ ಲೋಹದ ಮೇಲೆ ಬೂದುಬಣ್ಣದ ಕಿಟ್ಟ ಕಟ್ಟುತ್ತದೆ. ಅದರಲ್ಲಿ ಆಕ್ಸೈಡ್ ಆದ ತವರವೂ ಇರುವುದರಿಂದ ಸುಮ್ಮನೆ ಬಳಿದು ಎಸೆದರೆ ಬೆಲೆಯುಳ್ಳ ಲೋಹ ಪೋಲಾಗುತ್ತದೆ. ಚಿಟಿಕೆ ಮೇಣ ಅಥವಾ ಚೆನ್ನಾಗಿ ಒಣಗಿದ ಮರದ ಹೊಟ್ಟನ್ನು ಹಾಕಿ ಕಲಕಿದರೆ, ಅದರಿಂದ ಹುಟ್ಟುವ ಇಂಗಾಲವು ತವರದ ಆಕ್ಸೈಡನ್ನು ಮರಳಿ ಲೋಹವಾಗಿಸುತ್ತದೆ. ಕೊಳೆ ಮಾತ್ರ ಮೇಲೆ ಉಳಿಯುತ್ತದೆ. ಮೇಣದ ಹೊಗೆ ತಟ್ಟನೆ ಹೊತ್ತಿಕೊಳ್ಳುವುದುಂಟು. ಮುಖವನ್ನು ಪಾತ್ರೆಯ ಮೇಲೆ ಬಾಗಿಸಬಾರದು.

ಸಾಮಾನ್ಯವಾಗಿ ಲೋಹವನ್ನು 350ರಿಂದ 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲಾಗುತ್ತದೆ. ಇದಕ್ಕಿಂತ ಮುಖ್ಯವಾದುದು ಅಚ್ಚಿನ ಶಾಖ. ಅಚ್ಚು ತಣ್ಣಗಿದ್ದರೆ ಲೋಹ ಎಷ್ಟೇ ಬಿಸಿಯಾಗಿದ್ದರೂ ಗುಂಡು ಕೆಡುತ್ತದೆ. ಆದ್ದರಿಂದ ಅಚ್ಚನ್ನು ವಿದ್ಯುತ್ ಒಲೆಯ ಮೇಲೆ ಮೊದಲೇ ಬಿಸಿಮಾಡಿಕೊಳ್ಳುತ್ತಾರೆ. ಆಮೇಲೆ ಅದನ್ನು ಬಿಸಿಯಾಗಿ ಉಳಿಸುವುದು ಸುರಿಯುವ ಲಯ. ನಿಮಿಷಕ್ಕೆ ಎರಡು ಮೂರು ಸಲ ಒಂದೇ ಅಂತರದಲ್ಲಿ ಸುರಿಯುತ್ತಿದ್ದರೆ ಅಚ್ಚು ತಾನಾಗಿ ಒಂದು ಸಮ ಶಾಖಕ್ಕೆ ಬಂದು ನಿಲ್ಲುತ್ತದೆ. ಹೊಸಬರು ಪ್ರತಿಯೊಂದು ಗುಂಡನ್ನೂ ಎತ್ತಿ ತಿರುಗಿಸಿ ನೋಡುತ್ತಾರೆ. ಅಷ್ಟರಲ್ಲಿ ಅಚ್ಚು ತಣಿದು ಮುಂದಿನ ಗುಂಡು ಹಾಳಾಗುತ್ತದೆ, ಅದನ್ನು ಇನ್ನೂ ಹೆಚ್ಚು ಹೊತ್ತು ನೋಡುತ್ತಾರೆ. ಮೊದಲ ಹತ್ತಿಪ್ಪತ್ತು ಗುಂಡುಗಳನ್ನು ನೋಡದೆಯೇ ಬದಿಗಿಟ್ಟು ಮರಳಿ ಪಾತ್ರೆಗೆ ಹಾಕುವುದು ಅನುಭವಿಗಳ ರೂಢಿ.

ಫಲಕದ ಮೇಲಿನ ಸೀಸವು ಗಡಿಯಾರದಂತೆ ಸಮಯ ಹೇಳುತ್ತದೆ. ಅದು ಕನ್ನಡಿಯಂತೆ ಹೊಳೆಯುತ್ತಿದ್ದು, ಕೆಲವು ಸೆಕೆಂಡುಗಳಲ್ಲಿ ಮಂಕಾಗುತ್ತದೆ. ಸುರಿದ ಕೂಡಲೇ ಮಂಕಾದರೆ ಅಚ್ಚು ತಣ್ಣಗಿದೆ. ಹತ್ತು ಸೆಕೆಂಡು ಕಳೆದರೂ ಹೊಳಪು ಉಳಿದಿದ್ದರೆ ಅಚ್ಚು ಅತಿಯಾಗಿ ಕಾದಿದೆ, ತುಸು ನಿಧಾನಿಸಬೇಕು.

ದೋಷಗಳು ಮತ್ತು ಕಾರಣಗಳು

ಮೈಯೆಲ್ಲ ಸುಕ್ಕುಗಟ್ಟಿದ ಗುಂಡು ಹೊಸಬರ ಮೊದಲ ದೂರು. ತಣ್ಣಗಿನ ಅಚ್ಚಿನಲ್ಲಿ ಲೋಹದ ಅಲೆಗಳು ಒಂದರೊಡನೊಂದು ಬೆಸೆಯುವ ಮೊದಲೇ ಹೆಪ್ಪುಗಟ್ಟಿದಾಗ ಸುಕ್ಕು ಮೂಡುತ್ತದೆ. ಹೊಸ ಅಚ್ಚಿಗೆ ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆ ಉಳಿದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಎರಡನ್ನೂ ಪ್ರತ್ಯೇಕಿಸುವುದು ಸುಲಭ: ಅಚ್ಚು ಕಾದಂತೆ ಸುಕ್ಕು ಮಾಯವಾದರೆ ಕಾರಣ ಶಾಖ, ಮಾಯವಾಗದಿದ್ದರೆ ಎಣ್ಣೆ. ಎಣ್ಣೆಯಿರುವ ಅಚ್ಚನ್ನು ಸಾಬೂನಿನ ಬಿಸಿನೀರಿನಲ್ಲಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ, ತೇವ ಸ್ವಲ್ಪವೂ ಉಳಿಯದಂತೆ ಒಣಗಿಸಬೇಕು.

ತಳದ ಅಂಚು ಚೂಪಾಗದೆ ಉರುಟಾಗುವುದು ಇದಕ್ಕಿಂತ ಗಂಭೀರ. ಗುಂಡು ನಳಿಗೆಯನ್ನು ಬಿಡುವಾಗ ಅನಿಲ ಕೊನೆಯದಾಗಿ ತಳ್ಳುವುದು ಈ ಅಂಚನ್ನು. ಅದು ಒಂದು ಕಡೆ ಮೊಂಡಾಗಿದ್ದರೆ ಒತ್ತಡ ಓರೆಯಾಗಿ ಬಿದ್ದು ಗುಂಡು ಗುರಿ ತಪ್ಪುತ್ತದೆ. ಮೂತಿಯಲ್ಲಿ ಸಣ್ಣ ಕಲೆಯಿದ್ದರೂ ಅಷ್ಟು ಕೆಡುಕಿಲ್ಲ, ಆದರೆ ತಳ ಕೆಟ್ಟ ಗುಂಡು ಮರಳಿ ಪಾತ್ರೆಗೇ ಹೋಗಬೇಕು. ಫಲಕ ತಣ್ಣಗಿರುವುದು, ತವರ ಕಡಿಮೆಯಾಗಿರುವುದು, ಗಾಳಿಯ ಗೀರುಗಳು ಮುಚ್ಚಿರುವುದು ಅಥವಾ ಫಲಕ ಬಿಗಿಯಾಗಿ ಕುಳಿತು ಗಾಳಿಗೆ ದಾರಿ ಕೊಡದಿರುವುದು ಇದಕ್ಕೆ ಕಾರಣಗಳು.

ತಳದಲ್ಲಿ ಅಥವಾ ಅದರ ಒಳಗೆ ಕುಳಿ ಬಿದ್ದರೆ ಸುರಿದದ್ದು ಸಾಲದೆಂದು ಅರ್ಥ. ಸೀಸ ಗಟ್ಟಿಯಾಗುವಾಗ ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು ಫಲಕದ ಮೇಲೆ ಇನ್ನೂ ದ್ರವವಾಗಿರುವ ಧಾರಾಳ ಸೀಸ ಬೇಕು. ಒಳಗಿನ ಕುಳಿ ಕಣ್ಣಿಗೆ ಕಾಣದು, ತಕ್ಕಡಿಯಲ್ಲಿ ಸಿಕ್ಕಿಬೀಳುತ್ತದೆ. 158 ಗ್ರೇನ್, ಅಂದರೆ ಸುಮಾರು 10.2 ಗ್ರಾಂ ತೂಗಬೇಕಾದ ಗುಂಡುಗಳ ರಾಶಿಯಲ್ಲಿ ಕೆಲವು ಮಾತ್ರ ಎರಡು ಮೂರು ಗ್ರೇನ್ ಹಗುರವಾಗಿದ್ದರೆ ಅವುಗಳಲ್ಲಿ ಗಾಳಿ ಸೇರಿದೆಯೆಂದು ತಿಳಿಯಬೇಕು.

ಹಿಮ ಕವಿದಂತೆ ಬೆಳ್ಳಗೆ ಮಂಕಾದ ಗುಂಡು ಅಚ್ಚು ಹೆಚ್ಚು ಕಾದುದರ ಗುರುತು. ಹೊಳಪಿಲ್ಲದ್ದನ್ನು ಕಂಡು ಹೊಸಬರು ಅದನ್ನು ಎಸೆಯುತ್ತಾರಾದರೂ, ಅಳತೆ ಸರಿಯಿದ್ದರೆ ಅಂತಹ ಗುಂಡು ಚೆನ್ನಾಗಿಯೇ ಹಾರುತ್ತದೆ. ಜೋಡಣೆಯ ರೇಖೆಯುದ್ದಕ್ಕೂ ರೆಕ್ಕೆಯಂತಹ ತೆಳುಪದರ ಬಂದರೆ ಬಿಲ್ಲೆಗಳ ನಡುವೆ ಸೀಸದ ಕಣವೊಂದು ಸಿಕ್ಕಿಕೊಂಡಿರುತ್ತದೆ.

ಅಳತೆ ಮತ್ತು ಲೇಪನ

ಎರೆದ ಗುಂಡು ನಳಿಗೆಯ ಗೀರುಗಳ ಒಳವ್ಯಾಸಕ್ಕಿಂತ ಇಂಚಿನ ಸಾವಿರದಲ್ಲೊಂದು ಭಾಗದಷ್ಟು ದೊಡ್ಡದಾಗಿರುವುದು ರೂಢಿ. ನಿಖರವಾದ ಉಂಗುರದ ಮೂಲಕ ಒತ್ತಿ ಈ ಅಳತೆಗೆ ತರುತ್ತಾರೆ. ಗುಂಡಿನ ಸುತ್ತಣ ತೋಡುಗಳಿಗೆ ಜೇನುಮೇಣ ಬೆರೆಸಿದ ಜಿಡ್ಡನ್ನು ತುಂಬುವುದು ಹಳೆಯ ಕ್ರಮ. ಪುಡಿಬಣ್ಣವನ್ನು ಹಚ್ಚಿ ಒಲೆಯಲ್ಲಿ ಕಾಯಿಸಿ ಅಂಟಿಸುವ ವಿಧಾನವೂ ಈಗ ಬಳಕೆಯಲ್ಲಿದೆ. ಆ ಒಲೆಯಲ್ಲಿ ಮತ್ತೆ ಅಡುಗೆ ಮಾಡಬಾರದು.

ನೀರಿನಿಂದಾಗುವ ಅಪಾಯ

ಕಾದ ಸೀಸದೊಳಕ್ಕೆ ನೀರಿನ ಹನಿಯೊಂದು ಮುಳುಗಿದರೆ ಅದು ಕ್ಷಣಾರ್ಧದಲ್ಲಿ ಆವಿಯಾಗಿ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಪಾತ್ರೆಯ ಲೋಹ ಸ್ಫೋಟದಂತೆ ಮೇಲೆ ಚಿಮ್ಮುತ್ತದೆ. ಮೇಲ್ಮೈಯಲ್ಲಿ ಬಿದ್ದ ಹನಿ ಸಿಡಿದು ಹೋಗಬಹುದು, ಒಳಗೆ ಸಿಕ್ಕಿಕೊಂಡದ್ದು ಹಾಗಲ್ಲ. ಮಳೆಯಲ್ಲಿ ಬಿದ್ದಿದ್ದ ಸೀಸದ ಗಟ್ಟಿ, ತೇವವಿರುವ ಸೌಟು, ಹಣೆಯ ಬೆವರು, ಪಾತ್ರೆಯ ಪಕ್ಕದಲ್ಲಿಟ್ಟ ಪಾನೀಯ, ಇವು ಅಪಘಾತದ ಸಾಮಾನ್ಯ ಮೂಲಗಳು. ತುಂಬಿದ ಪಾತ್ರೆಗೆ ಹೊಸ ಗಟ್ಟಿಯನ್ನು ಹಾಕುವ ಮೊದಲು ಅದನ್ನು ಪಾತ್ರೆಯ ಅಂಚಿನಲ್ಲಿಟ್ಟು ಕಾಯಿಸಿ ಒಣಗಿಸುತ್ತಾರೆ. ಕಣ್ಣಿಗೆ ಮತ್ತು ಮುಖಕ್ಕೆ ಕಾಪು, ಚರ್ಮದ ಕೈಗವಸು, ಉದ್ದ ತೋಳಿನ ಹತ್ತಿ ಬಟ್ಟೆ ಹಾಗೂ ಮುಚ್ಚಿದ ಪಾದರಕ್ಷೆ ಕಡ್ಡಾಯ. ಗುಂಡುಗಳನ್ನು ಗಟ್ಟಿಗೊಳಿಸಲು ಅಚ್ಚಿನಿಂದ ನೇರವಾಗಿ ಬಕೆಟ್ಟಿನ ನೀರಿಗೆ ಬೀಳಿಸುವ ಪದ್ಧತಿಯುಂಟು. ಪಾತ್ರೆಯ ಬಳಿ ನೀರಿಡುವುದೇ ಬೇಡವೆಂದು ಕಲಿಯುವವರು ಮಡಿಸಿದ ದಪ್ಪ ಬಟ್ಟೆಯ ಮೇಲೆ ಬೀಳಿಸುವುದು ಲೇಸು.

ಸೀಸದ ವಿಷ

ಎರಕದ ಶಾಖದಲ್ಲಿ ಸೀಸ ಆವಿಯಾಗುವುದು ಅತ್ಯಲ್ಪ. ಅದರ ಕುದಿಬಿಂದು 1,749 ಡಿಗ್ರಿ. ಶಾಖವನ್ನು ವಿಪರೀತ ಏರಿಸಿದರೆ ಮಾತ್ರ ಆವಿಯ ಪ್ರಮಾಣ ಗಣನೀಯವಾಗುತ್ತದೆ. ಹಾಗೆಂದು ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡುವಂತಿಲ್ಲ. ಆದರೆ ಹೆಚ್ಚಿನ ಸೀಸ ದೇಹಕ್ಕೆ ಸೇರುವುದು ಬೇರೆ ದಾರಿಯಿಂದ. ಕಿಟ್ಟವೆಂದರೆ ನುಣುಪಾದ ಆಕ್ಸೈಡ್ ಪುಡಿ. ಬಳಿದು ತೆಗೆಯುವಾಗ ಅದು ಹಾರಿ ಕೈ, ಬಟ್ಟೆ, ಚಪ್ಪಲಿಗಳಿಗೆ ಅಂಟುತ್ತದೆ. ಅಲ್ಲಿಂದ ಬೀಡಿ ಸಿಗರೇಟು, ತಿಂಡಿ, ಉಗುರು ಕಚ್ಚುವ ಅಭ್ಯಾಸಗಳ ಮೂಲಕ ಬಾಯಿಗೆ ಸೇರುತ್ತದೆ.

ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದೇ ಭಾವಿಸಿ ಮೂಳೆಗಳಲ್ಲಿ ಸಂಗ್ರಹಿಸುತ್ತದೆ, ಅಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಪಾಯವಿಲ್ಲದ ಸೀಸದ ಮಟ್ಟವೆಂಬುದು ತಿಳಿದಿಲ್ಲ. ಮಕ್ಕಳ ಕರುಳು ವಯಸ್ಕರಿಗಿಂತ ಹೆಚ್ಚು ಸೀಸವನ್ನು ಹೀರುತ್ತದೆ, ಬೆಳೆಯುವ ಮಿದುಳಿಗೆ ಅದರ ಹಾನಿ ಮರಳಿ ಸರಿಯಾಗುವಂಥದ್ದಲ್ಲ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸವಿದ್ದರೆ ಗಮನ ಹರಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರಲ್ಲಿ ಮಿತಿಯನ್ನು ತಗ್ಗಿಸಿತು. ಎರೆಯುವವನು ತಾನು ಎಚ್ಚರದಿಂದಿದ್ದರೂ, ಅವನ ಚಪ್ಪಲಿಯ ಧೂಳು ಅಂಬೆಗಾಲಿಡುವ ಮಗುವಿನ ಅಂಗೈಗೆ ಸೇರಬಹುದು. ಆದ್ದರಿಂದ ಅಡುಗೆಮನೆಯಲ್ಲಿ ಸೀಸ ಕರಗಿಸುವುದು, ಅಡುಗೆಯ ಪಾತ್ರೆಗಳನ್ನು ಬಳಸುವುದು ಸರ್ವಥಾ ಸಲ್ಲದು. ಕೆಲಸದ ಬಟ್ಟೆ ಮತ್ತು ಪಾದರಕ್ಷೆಗಳನ್ನು ಬೇರೆಯಾಗಿ ಇಡಬೇಕು, ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಬೇಕು. ಕಿಟ್ಟವನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿಡಬೇಕು. ನೆಲವನ್ನು ಗುಡಿಸುವ ಬದಲು, ಪಾತ್ರೆ ಪೂರ್ತಿ ತಣಿದ ಮೇಲೆ ಒದ್ದೆಬಟ್ಟೆಯಿಂದ ಒರೆಸಬೇಕು. ನಿಯಮಿತವಾಗಿ ಎರೆಯುವವರು ರಕ್ತದಲ್ಲಿನ ಸೀಸವನ್ನು ಆಗಾಗ ಪರೀಕ್ಷಿಸಿಕೊಳ್ಳುತ್ತಾರೆ.

ಕಾನೂನು

ಅಮೆರಿಕದ ಒಕ್ಕೂಟ ಕಾನೂನಿನಡಿ ಸ್ವಂತ ಬಳಕೆಗೆ ಗುಂಡು ಎರೆಯಲು ಪರವಾನಗಿ ಬೇಕಿಲ್ಲ. ಮಾರಾಟಕ್ಕಾಗಿ ಮದ್ದುಗುಂಡು ತಯಾರಿಸಲು ಬೇಕು. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡುಗಳ ಬಳಕೆ ಪೂರ್ಣವಾಗಿ ನಿಷಿದ್ಧವಾಗಿದೆ. ಸತ್ತ ಪ್ರಾಣಿಗಳ ಮಾಂಸದಲ್ಲಿನ ಸೀಸದ ಚೂರುಗಳನ್ನು ನುಂಗಿ ಕ್ಯಾಲಿಫೋರ್ನಿಯ ಕಾಂಡರ್ ಎಂಬ ಅಳಿವಿನಂಚಿನ ರಣಹದ್ದುಗಳು ಸಾಯುತ್ತಿದ್ದುದು ಇದರ ಹಿನ್ನೆಲೆ.

ಭಾರತದಲ್ಲಿ ಸ್ಥಿತಿ ಬೇರೆಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯು ಮದ್ದುಗುಂಡಿನ ಭಾಗಗಳನ್ನೂ ಅವುಗಳನ್ನು ತಯಾರಿಸುವ ಯಂತ್ರಗಳನ್ನೂ ಮದ್ದುಗುಂಡಿನ ವ್ಯಾಖ್ಯೆಯೊಳಗೆ ತರುತ್ತದೆ, ಮತ್ತು ಐದನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡಿನ ತಯಾರಿಕೆಯನ್ನು ನಿಷೇಧಿಸುತ್ತದೆ. ಬಂದೂಕನ್ನು ಇಟ್ಟುಕೊಳ್ಳುವ ಪರವಾನಗಿಯು ತಯಾರಿಕೆಯ ಪರವಾನಗಿಯಲ್ಲ.