ದುಡಿದವರ ಹೆಸರು ಸರಿಯಾಗಿರಲಿ

ಸೊಲ್ಲಾಪುರದಲ್ಲಿ ಚಾದರ ನೇಯುವವರು, ಬೀಡಿ ಕಟ್ಟುವವರು, ಅಕ್ಕಲಕೋಟೆಯ ಹೊಲಗಳಲ್ಲಿ ಕೂಲಿ ಮಾಡುವವರು ನಮ್ಮವರೇ. ಕಾರ್ಮಿಕರ ವಿಮೆ, ಭವಿಷ್ಯನಿಧಿ, ಹೆರಿಗೆ ಸೌಲಭ್ಯ ಮೊದಲಾದ ಒಂಬತ್ತು ಕಾನೂನುಗಳನ್ನು ಒಂದುಗೂಡಿಸಿ ಸಂಸತ್ತು 2020ರಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯನ್ನು ಅಂಗೀಕರಿಸಿತು. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ 2021ರ ಆಗಸ್ಟ್‌ನಲ್ಲಿಯೇ ಇ-ಶ್ರಮ್ ಆರಂಭವಾಗಿತ್ತು. ಅಲ್ಲಿ ಹೆಸರು ಬರೆಯಿಸಿದವರಿಗೆ 12 ಅಂಕಿಗಳ ಸಂಖ್ಯೆಯೊಂದು ದೊರೆಯುತ್ತದೆ.

ದಫ್ತರದ ಲೆಕ್ಕ ಗಣಕಯಂತ್ರಕ್ಕೆ ಬಂದಿತು ನಿಜ. ಆದರೆ ಯಂತ್ರಕ್ಕೆ ಮುಖದ ಗುರುತಿಲ್ಲ, ಅಕ್ಷರದ ಗುರುತಷ್ಟೇ. ನಮ್ಮ ಕನ್ನಡದ ಹೆಸರು ಮರಾಠಿಯಲ್ಲೊಂದು, ಇಂಗ್ಲಿಷಿನಲ್ಲೊಂದು ಬಗೆಯಾಗಿ ತಾಳೆಯಾಗದಿದ್ದರೆ ಹಕ್ಕಿನ ಹಣವೂ ತಡೆಯಬಹುದು. ವಿದ್ಯಾರ್ಥಿಗಳೇ, ತಾಯಿತಂದೆಯರ ಆಧಾರ್, ಬ್ಯಾಂಕಿನ ಪುಸ್ತಕ, ಕಾರ್ಮಿಕರ ಕಾರ್ಡುಗಳನ್ನು ಒಟ್ಟಿಗಿಟ್ಟು ಓದಿರಿ. ತಪ್ಪಿದ್ದರೆ ಈಗಲೇ ತಿದ್ದಿಸಿರಿ. ಕಲಿತ ಅಕ್ಷರ ಮೊದಲು ಮನೆಗೆ ಉಪಯೋಗವಾಗಲಿ.