ಮಿಸುಕದ ಬಂದೂಕು

ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಏರ್‌ಗನ್ ನಮ್ಮಲ್ಲಿ ಎಷ್ಟೋ ಜನ ಹೆಗಲಿಗೇರಿಸಿದ ಮೊದಲ ಬಂದೂಕು. ಅಂಗಡಿಯವನು ನಳಿಕೆ ಮಡಚಿ, ಸೀಸದ ಪೆಲೆಟ್ ತುರುಕಿ, ಮತ್ತೆ ನೆಟ್ಟಗೆ ಮಾಡಿ ಕೈಗೆ ಕೊಡುತ್ತಾನೆ. ಗುರಿ ತಪ್ಪಿದರೆ ನಳಿಕೆ ಡೊಂಕಾಗಿದೆ ಎಂದು ಅವನನ್ನು ಬೈಯುವುದು ವಾಡಿಕೆ. ಆದರೆ ನಳಿಕೆ ನೆಟ್ಟಗಿದ್ದರೂ ಗುರಿ ತಪ್ಪಿಸುವ ಕಾರಣವೊಂದು ಆ ಬಂದೂಕಿನ ಹೊಟ್ಟೆಯೊಳಗೇ ಇದೆ.

ನಳಿಕೆ ಮಡಚಿದಾಗ ಒಳಗಿನ ಬಿಗಿಯಾದ ಸ್ಪ್ರಿಂಗ್ ಒತ್ತಿಕೊಂಡು ಕೊಂಡಿಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಒತ್ತಿದೊಡನೆ ಕೊಂಡಿ ಕಳಚಿ, ಸ್ಪ್ರಿಂಗ್ ತನ್ನ ಮುಂದಿರುವ ಭಾರದ ಪಿಸ್ಟನ್ನನ್ನು ದೂಡುತ್ತದೆ. ಪಿಸ್ಟನ್ ಮುಂದೆ ನುಗ್ಗಿದರೆ ಬಂದೂಕು ಹಿಂದೆ ಸರಿಯಲೇಬೇಕು. ನ್ಯೂಟನ್ನನ ಮೂರನೆಯ ನಿಯಮಕ್ಕೆ ವಿನಾಯಿತಿ ಇಲ್ಲ. ಮರುಕ್ಷಣವೇ ಮುಂದಿನ ಗಾಳಿ ಅಮುಕಿಕೊಂಡು ಪಿಸ್ಟನ್ನನ್ನು ತಡೆಯುತ್ತದೆ, ಆಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ನಳಿಕೆ ಬಿಟ್ಟಿರುವುದಿಲ್ಲ, ಅಷ್ಟರಲ್ಲೇ ಬಂದೂಕು ಅಲುಗಾಡಿರುತ್ತದೆ. ಆದ್ದರಿಂದ ಬಿಗಿಯಾಗಿ ಹಿಡಿದರೆ ಪೆಲೆಟ್ ಒಂದು ಕಡೆ ಬೀಳುತ್ತದೆ, ಸಡಿಲ ಹಿಡಿದರೆ ಇನ್ನೊಂದು ಕಡೆ, ಮರಳಿನ ಚೀಲದ ಮೇಲಿಟ್ಟು ಹೊಡೆದರೆ ಮತ್ತೊಂದು ಕಡೆ. ಸ್ಪ್ರಿಂಗ್ ಬಂದೂಕಿನಲ್ಲಿ ನಿಖರವಾಗಿ ಹೊಡೆಯುವವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಕೈಚಳಕದ ಅರ್ಧಪಾಲು ಬಂದೂಕಿನ ಕುಣಿತವನ್ನು ಪಳಗಿಸುವುದಕ್ಕೇ ಖರ್ಚಾಗುತ್ತದೆ.

ಆ ಕುಣಿತವನ್ನೇ ಇಲ್ಲವಾಗಿಸಿದ ಯಂತ್ರ ಪ್ರೀಚಾರ್ಜ್ಡ್ ನ್ಯೂಮ್ಯಾಟಿಕ್ ಏರ್ ರೈಫಲ್. ಶೂಟಿಂಗ್ ರೇಂಜುಗಳಲ್ಲಿ ಎಲ್ಲರೂ ಇದನ್ನು ಪಿಸಿಪಿ ಎನ್ನುತ್ತಾರೆ. ಇದರಲ್ಲಿ ಗುಂಡು ಹಾರಿಸುವ ಹೊತ್ತಿಗೆ ಗಾಳಿಯನ್ನು ಅಮುಕುವ ಕೆಲಸವಿಲ್ಲ. ಆ ಕೆಲಸ ಮನೆಯಲ್ಲೋ ರೇಂಜಿನಲ್ಲೋ ಮೊದಲೇ ಮುಗಿದಿರುತ್ತದೆ. ನಳಿಕೆಯ ಕೆಳಗೆ ತೂಗಿಕೊಂಡಿರುವ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಕಾದು ಕುಳಿತಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಚಕ್ರಕ್ಕೆ 32 ಪಿಎಸ್‌ಐ ಗಾಳಿ ಹಿಡಿಸುತ್ತೀರಲ್ಲ, ಅದೇ ಲೆಕ್ಕದಲ್ಲಿ ಇದು ಸುಮಾರು 2,900 ಪಿಎಸ್‌ಐ. ಟ್ರಿಗರ್ ಒತ್ತಿದಾಗ ಪುಟ್ಟದೊಂದು ಸುತ್ತಿಗೆ ವಾಲ್ವಿನ ಕಡ್ಡಿಗೆ ಬಡಿಯುತ್ತದೆ. ವಾಲ್ವ್ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ತೆರೆದು ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಹೊರಬಿದ್ದ ಗುಟುಕು ಗಾಳಿಯೇ ಪೆಲೆಟ್ಟನ್ನು ದೂಡುತ್ತದೆ. ಚಲಿಸುವ ಭಾಗವೆಂದರೆ ಹಗುರವಾದ ಆ ಸುತ್ತಿಗೆ ಮತ್ತು ವಾಲ್ವ್ ಮಾತ್ರ.

ಇದರ ಫಲವೇನೆಂದು ನೀವೇ ಲೆಕ್ಕ ಹಾಕಿ ನೋಡಬಹುದು. 10 ಮೀಟರ್ ಸ್ಪರ್ಧೆಯ ಪೆಲೆಟ್ ಸುಮಾರು ಅರ್ಧ ಗ್ರಾಂ ತೂಗುತ್ತದೆ, ಸೆಕೆಂಡಿಗೆ 170 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ರೈಫಲ್ಲಿನ ತೂಕ 5 ಕಿಲೋ ಸಮೀಪ; ನಿಯಮದ ಮಿತಿ 5.5 ಕಿಲೋ. ಪೆಲೆಟ್ಟಿಗಿಂತ 10,000 ಪಟ್ಟು ಭಾರವಿರುವುದರಿಂದ ರೈಫಲ್ ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ 2 ಸೆಂಟಿಮೀಟರಿನಷ್ಟು. ಪೆಲೆಟ್ ನಳಿಕೆಯೊಳಗಿರುವುದು 5 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು. ಅಷ್ಟು ಹೊತ್ತಿನಲ್ಲಿ ರೈಫಲ್ ಸರಿಯುವ ದೂರ ಮಿಲಿಮೀಟರಿನ ಹತ್ತನೆಯ ಒಂದು ಭಾಗವೂ ಇಲ್ಲ. ಈ ಅಲ್ಪ ಚಲನೆಯನ್ನೂ ನುಂಗಿಹಾಕಲು ಸ್ಪರ್ಧೆಯ ಹಲವು ರೈಫಲ್ಲುಗಳಲ್ಲಿ ಎದುರು ದಿಕ್ಕಿಗೆ ಚಲಿಸುವ ಪುಟ್ಟ ತೂಕವೊಂದನ್ನು ಕೂರಿಸಿರುತ್ತಾರೆ. ಪೆಲೆಟ್ ಹೋದದ್ದು ಹೆಗಲಿಗೆ ತಿಳಿಯುವುದೇ ಕಷ್ಟ.

ಇಷ್ಟೊಂದು ತಲೆಕೆಡಿಸಿಕೊಳ್ಳುವ ಅಗತ್ಯವೇನು ಎಂದು ಕೇಳುವವರು ಗುರಿಹಲಗೆಯ ಅಳತೆಯನ್ನೊಮ್ಮೆ ನೋಡಬೇಕು. ಇಡೀ ಗುರಿಯ ಅಗಲ 45.5 ಮಿಲಿಮೀಟರ್. ನಡುವಿನ ಹತ್ತರ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್. ಅದನ್ನು ಹೊಡೆಯುವ ಪೆಲೆಟ್ಟಿನ ಅಗಲ 4.5 ಮಿಲಿಮೀಟರ್. ಎಲೆಕ್ಟ್ರಾನಿಕ್ ಗುರಿಗಳು ಬಂದ ಮೇಲೆ ಹತ್ತನ್ನೂ ದಶಾಂಶಗಳಾಗಿ ಸೀಳಿದ್ದಾರೆ, ಒಂದು ಹೊಡೆತಕ್ಕೆ ಅತಿ ಹೆಚ್ಚೆಂದರೆ 10.9. ಅದು ಸಿಗಬೇಕಾದರೆ ಪೆಲೆಟ್ಟಿನ ನಡುಬಿಂದು ಗುರಿಯ ನಡುವಿನಿಂದ ಕಾಲು ಮಿಲಿಮೀಟರಿಗಿಂತ ಆಚೆ ಹೋಗಬಾರದು. ನಿಂತುಕೊಂಡು 75 ನಿಮಿಷದಲ್ಲಿ ಇಂಥ 60 ಹೊಡೆತ ಹೊಡೆಯಬೇಕು. ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಫೈನಲ್ ತಲುಪಲು ಒಟ್ಟು 630ರ ಆಸುಪಾಸು ಬೇಕಾಗುತ್ತದೆ. ಅಂದರೆ ಪ್ರತಿ ಹೊಡೆತಕ್ಕೆ ಸರಾಸರಿ 10.5. ಉಸಿರು, ಎದೆಬಡಿತ, ಕಾಲಿನ ನಡುಕ ಎಲ್ಲ ಸೇರಿಯೂ ತಪ್ಪು ಒಂದೂಕಾಲು ಮಿಲಿಮೀಟರಿನ ಒಳಗಿರಬೇಕು. ರೈಫಲ್ ತನ್ನದೇ ತಪ್ಪನ್ನು ಇದಕ್ಕೆ ಸೇರಿಸಿದರೆ ಮನುಷ್ಯನಿಗೆ ಉಳಿಯುವ ಜಾಗವೇ ಇಲ್ಲ.

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. 10 ಮೀಟರ್ ಏರ್ ರೈಫಲ್ ಫೈನಲ್‌ನ ಕೊನೆಯ ಹೊಡೆತಕ್ಕೆ ಮುನ್ನ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಸರಿಸಮವಾಗಿದ್ದರು. ಬಿಂದ್ರಾ 10.8 ಹೊಡೆದರು, ಹ್ಯಾಕಿನೆನ್ 9.7. ಮಿಲಿಮೀಟರಿನ ಲೆಕ್ಕಕ್ಕೆ ಇಳಿಸಿದರೆ ಮೊದಲನೆಯದು ನಡುವಿನಿಂದ ಅರ್ಧ ಮಿಲಿಮೀಟರಿನೊಳಗೆ ಬಿದ್ದಿತ್ತು, ಎರಡನೆಯದು ಸುಮಾರು ಮೂರು ಮಿಲಿಮೀಟರ್ ಆಚೆ. ಇಷ್ಟೇ ಅಂತರ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಚಿನ್ನ ತಂದಿತು, ಹ್ಯಾಕಿನೆನ್‌ರನ್ನು ಕಂಚಿಗೆ ಇಳಿಸಿತು. ಆ ವ್ಯತ್ಯಾಸ ಮನುಷ್ಯರದ್ದು, ಯಂತ್ರದ್ದಲ್ಲ ಎಂದು ಭರವಸೆಯಿಂದ ಹೇಳಲು ಸಾಧ್ಯವಾಗುವುದೇ ಪಿಸಿಪಿಯ ದೊಡ್ಡ ಆಕರ್ಷಣೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಳಿಯನ್ನು ಮುಂಚಿತವಾಗಿ ತುಂಬಿಡುವ ಉಪಾಯ ಹೊಸದೇನಲ್ಲ. 1780ರ ಸುಮಾರಿಗೇ ಆಸ್ಟ್ರಿಯಾದ ಸೇನೆಯ ಕೈಯಲ್ಲಿ ಜಿರಾಂಡೋನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿ ಬಂದೂಕು ಇತ್ತು. ಅದರ ಹಿಡಿಯ ಹಿಂಭಾಗವೇ ಕಬ್ಬಿಣದ ಗಾಳಿ ಬುರುಡೆ. ಹೊಗೆಯಿಲ್ಲ, ಮದ್ದು ತೊಯ್ಯುವ ಚಿಂತೆಯಿಲ್ಲ, ಇಪ್ಪತ್ತರಷ್ಟು ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಬಹುದಿತ್ತು. ಆದರೆ ಬುರುಡೆ ತುಂಬಲು ಕೈಪಂಪನ್ನು ಸಾವಿರಕ್ಕೂ ಹೆಚ್ಚು ಸಲ ಒತ್ತಬೇಕಿತ್ತು, ಚರ್ಮದ ಸೀಲುಗಳು ಒಣಗಿದರೆ ಗಾಳಿ ಸೋರುತ್ತಿತ್ತು. 1803ರಿಂದ 1806ರವರೆಗೆ ಅಮೆರಿಕ ಖಂಡವನ್ನು ಹಾಯ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡವೂ ಗಾಳಿ ಬಂದೂಕೊಂದನ್ನು ಒಯ್ದು, ದಾರಿಯಲ್ಲಿ ಎದುರಾದ ಮೂಲನಿವಾಸಿಗಳ ಮುಂದೆ ಹಾರಿಸಿ ತೋರಿಸಿತ್ತು. ಕೊರತೆ ಇದ್ದದ್ದು ಉಪಾಯದಲ್ಲಲ್ಲ. ಒತ್ತಡ ಹಿಡಿದಿಡುವ ಲೋಹ, ಸೋರದ ಸೀಲು ಇವೆರಡೂ ಆ ಕಾಲಕ್ಕೆ ಒದಗಿರಲಿಲ್ಲ.

ಸ್ಪರ್ಧಾ ಜಗತ್ತಿಗೆ ಪಿಸಿಪಿ ಬಂದದ್ದು ಇನ್ನೊಂದು ಅನಿಲದ ಬೆನ್ನ ಮೇಲೆ. 1980ರ ದಶಕದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದ ರೈಫಲ್ಲುಗಳು ಜನಪ್ರಿಯವಾಗಿದ್ದವು. ಸಿಲಿಂಡರಿನಲ್ಲಿ ದ್ರವ ಇರುವವರೆಗೂ ಒತ್ತಡ ತಾನಾಗಿಯೇ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ ಎಂಬುದು ಅದರ ಅನುಕೂಲ. ಆದರೆ ಆ ಮಟ್ಟವನ್ನು ನಿರ್ಧರಿಸುವುದು ಹವಾಮಾನ. 10 ಡಿಗ್ರಿಯಲ್ಲಿ 45 ಬಾರ್, 20 ಡಿಗ್ರಿಯಲ್ಲಿ 57, 30 ಡಿಗ್ರಿಯಲ್ಲಿ 72. ಒತ್ತಡ ಬದಲಾದರೆ ಪೆಲೆಟ್ಟಿನ ವೇಗ ಬದಲಾಗುತ್ತದೆ, ವೇಗ ಬದಲಾದರೆ ಅದು ಬೀಳುವ ಜಾಗವೂ ಬದಲಾಗುತ್ತದೆ. 31 ಡಿಗ್ರಿ ದಾಟಿದರಂತೂ ಕಾರ್ಬನ್ ಡೈಆಕ್ಸೈಡ್ ಎಷ್ಟೇ ಅಮುಕಿದರೂ ದ್ರವವಾಗಿ ಉಳಿಯುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಅಂಥ ರೈಫಲ್ ಹೇಗೆ ನಡೆದುಕೊಂಡೀತೆಂದು ಊಹಿಸಿ. ಗಾಳಿಗೆ ಈ ಚಾಳಿಯಿಲ್ಲ. ಸೆಕೆ ಚಳಿಗೆ ಅದರ ಒತ್ತಡವೂ ತುಸು ಏರಿಳಿಯುತ್ತದೆ ನಿಜ, ಆದರೆ ಅದನ್ನು ಸರಿಪಡಿಸಲು ಒಂದು ಯಂತ್ರಭಾಗ ಸಾಕು.

ಆ ಭಾಗವೇ ರೆಗ್ಯುಲೇಟರ್. ಇಡೀ ರೈಫಲ್ಲಿನಲ್ಲಿ ನನಗೆ ಅತ್ಯಂತ ಪ್ರಿಯವಾದ ತುಂಡು ಅದು. ರೆಗ್ಯುಲೇಟರ್ ಇಲ್ಲದ ಪಿಸಿಪಿಯಲ್ಲಿ ಸಿಲಿಂಡರಿನ ಒತ್ತಡವೇ ನೇರವಾಗಿ ವಾಲ್ವಿನ ಮೇಲೆ ಬೀಳುತ್ತದೆ. ಪೂರ್ತಿ ತುಂಬಿದಾಗ ಒತ್ತಡ ವಾಲ್ವನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಿರುವುದರಿಂದ ಸುತ್ತಿಗೆಯ ಬಡಿತಕ್ಕೆ ಅದು ಸಾಕಷ್ಟು ತೆರೆಯುವುದಿಲ್ಲ, ಪೆಲೆಟ್ ನಿಧಾನ ಹೊರಡುತ್ತದೆ. ಗಾಳಿ ಕಡಿಮೆಯಾದಂತೆ ವಾಲ್ವ್ ಸಲೀಸಾಗಿ ತೆರೆದು ವೇಗ ಏರುತ್ತದೆ, ಸ್ವಲ್ಪ ಹೊತ್ತು ಒಂದೇ ಸಮನಾಗಿ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ರೆಗ್ಯುಲೇಟರ್ ಈ ಏರಿಳಿತವನ್ನು ಸಪಾಟು ಮಾಡುತ್ತದೆ.

ಅದರೊಳಗಿರುವುದು ಹೆಬ್ಬೆರಳಿಗಿಂತ ಚಿಕ್ಕ ಪಿಸ್ಟನ್, ನಡುವೆ ಉದ್ದಕ್ಕೂ ತೂತು. ಅದರ ಸಪೂರ ತುದಿ ಸಿಲಿಂಡರಿನಿಂದ ಗಾಳಿ ಬರುವ ರಂಧ್ರದ ಎದುರಿಗೆ, ಅಗಲ ತುದಿ ವಾಲ್ವಿನ ಕೋಣೆಯ ಕಡೆಗೆ. ತುಸು ಬಾಗಿದ ಉಕ್ಕಿನ ವಾಷರುಗಳ ಸಾಲೊಂದು ಸ್ಪ್ರಿಂಗಿನ ಕೆಲಸ ಮಾಡುತ್ತ ಪಿಸ್ಟನ್ನನ್ನು ರಂಧ್ರದಿಂದ ದೂರ ಹಿಡಿದಿರುತ್ತದೆ. ಗಾಳಿ ತೂತಿನ ಮೂಲಕ ಹಾಯ್ದು ಕೋಣೆ ತುಂಬುತ್ತದೆ. ಒತ್ತಡ ನಿಗದಿತ ಮಟ್ಟ ಮುಟ್ಟಿದಾಗ ಅಗಲ ತುದಿಯ ಮೇಲಿನ ಬಲ ವಾಷರುಗಳನ್ನು ಮಣಿಸುತ್ತದೆ, ಪಿಸ್ಟನ್ ಸರಿದು ಸಪೂರ ತುದಿ ರಂಧ್ರವನ್ನು ಮುಚ್ಚುತ್ತದೆ. ಗುಂಡು ಹಾರಿ ಕೋಣೆ ಬರಿದಾದೊಡನೆ ವಾಷರುಗಳು ಚಿಮ್ಮಿ ರಂಧ್ರ ತೆರೆಯುತ್ತದೆ, ಕೋಣೆ ಮತ್ತೆ ಅದೇ ಮಟ್ಟಕ್ಕೆ ತುಂಬುತ್ತದೆ. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ. ಸಿಲಿಂಡರಿನಲ್ಲಿ 200 ಬಾರ್ ಇರಲಿ, 100 ಇರಲಿ, ಪೆಲೆಟ್ಟಿನ ಹಿಂದೆ ಬಂದು ನಿಲ್ಲುವ ಒತ್ತಡ ಒಂದೇ. ಸ್ಪರ್ಧೆಯ ರೈಫಲ್ಲಿನಲ್ಲಿ ಒಮ್ಮೆ ತುಂಬಿದ ಗಾಳಿ 200ರ ಸಮೀಪದಷ್ಟು ಹೊಡೆತಕ್ಕೆ ಬರುತ್ತದೆ.

ಶೂಟರ್‌ಗೆ ಪಿಸಿಪಿಯಿಂದ ಆಗುವ ಇನ್ನೊಂದು ಉಪಕಾರ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಸ್ಪ್ರಿಂಗ್ ರೈಫಲ್ಲನ್ನು ಪ್ರತಿ ಹೊಡೆತಕ್ಕೂ ಬಲ ಹಾಕಿ ಸಜ್ಜುಗೊಳಿಸಬೇಕು. 60 ಸಲ ಹಾಗೆ ಎಳೆಯುವಷ್ಟರಲ್ಲಿ ತೋಳು ಸೋಲುತ್ತದೆ, ನಿಂತ ಭಂಗಿಯೂ ಪ್ರತಿ ಸಲ ಕೆಡುತ್ತದೆ. ಪಿಸಿಪಿಯಲ್ಲಿ ಪುಟ್ಟ ಸುತ್ತಿಗೆಯನ್ನು ಹಿಂದೆಳೆದರೆ ಆಯಿತು. ಹೆಬ್ಬೆರಳು, ತೋರುಬೆರಳಿನಲ್ಲಿ ಲಿವರ್ ಎತ್ತಿ, ಪೆಲೆಟ್ ಇಟ್ಟು ಮುಚ್ಚಿದರೆ ರೈಫಲ್ ಸಿದ್ಧ. ಪಾದ, ಸೊಂಟ, ಹೆಗಲು ಇದ್ದಲ್ಲೇ ಇರುತ್ತವೆ. ತೆಳು ತೋಳಿನ ಹನ್ನೆರಡರ ಹುಡುಗಿಯೂ ಪಳಗಿದ ಗಂಡಸಿನಷ್ಟೇ ಸುಲಭವಾಗಿ ಇದನ್ನು ಸಜ್ಜುಗೊಳಿಸಬಲ್ಲಳು. ಏರ್ ಪಿಸ್ತೂಲಿನದೂ ಇದೇ ಯಂತ್ರ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ತಂದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲೇ.

ಇಷ್ಟು ಹೊಗಳಿದ ಮೇಲೆ ಪಿಸಿಪಿ ಬೇಡುವ ಜತನವನ್ನೂ ಹೇಳಬೇಕು. ಗಾಳಿ ತುಂಬಲು ಮುಳುಗುಗಾರರ ಸಿಲಿಂಡರ್, ವಿಶೇಷ ಕಂಪ್ರೆಸರ್ ಅಥವಾ ಮೂರು ಹಂತದ ಕೈಪಂಪು ಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದರ ಹತ್ತಿರವೂ ಸುಳಿಯಲಾರದು. ಗಾಳಿಯ ಜೊತೆ ತೇವ ಬರುತ್ತದೆ. ಮಂಗಳೂರಿನ ಒದ್ದೆ ಹವೆಯನ್ನು 200 ಮಿಲಿಲೀಟರ್ ಸಿಲಿಂಡರಿಗೆ 200 ಬಾರ್ ತುಂಬಿದರೆ ಒಳಹೋಗುವುದು 40 ಲೀಟರ್ ಗಾಳಿ, ಅದರಲ್ಲಿ ಸುಮಾರು 1 ಗ್ರಾಂ ನೀರಾವಿ. ಅಷ್ಟು ಇಕ್ಕಟ್ಟಿನಲ್ಲಿ ಬಹುಪಾಲು ಆವಿ ನೀರಾಗಿ ಇಳಿಯುತ್ತದೆ. ಪಂಪಿನಲ್ಲಿ ತೇವ ಹೀರುವ ಫಿಲ್ಟರ್ ಇಲ್ಲದಿದ್ದರೆ ಆ ನೀರು ವಾಲ್ವ್, ರೆಗ್ಯುಲೇಟರುಗಳಿಗೆ ಮೆಲ್ಲಗೆ ತುಕ್ಕು ಹಿಡಿಸುತ್ತದೆ. ಅವಸರದಲ್ಲಿ ತುಂಬಿದರೆ ಗಾಳಿ ಬಿಸಿಯಾಗಿ ಮಾಪಕ ಹೆಚ್ಚು ತೋರಿಸುತ್ತದೆ, ತಣಿದ ಮೇಲೆ ಮುಳ್ಳು ಇಳಿಯುತ್ತದೆ. ಎಲ್ಲಕ್ಕಿಂತ ಅಪಾಯಕಾರಿ ಸಂಗತಿ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆಯೋ ಗ್ರೀಸೋ ಗಾಳಿಯ ದಾರಿಯಲ್ಲಿ ಸೇರಿದರೆ ಹೆಚ್ಚಿನ ಒತ್ತಡದಲ್ಲಿ ಅದು ಹೊತ್ತಿಕೊಂಡು ಸಿಡಿಯಬಹುದು. ಸೀಲುಗಳಿಗೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಬೇಕು.

ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ವ್ಯಾಸ ಮತ್ತು 20 ಜೌಲ್ ಶಕ್ತಿಯನ್ನು ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. 10 ಮೀಟರ್ ರೈಫಲ್ಲಿನ ಶಕ್ತಿ 7.5 ಜೌಲ್ ಆಸುಪಾಸು, ಮಿತಿಗಿಂತ ಬಹಳ ಕೆಳಗೆ. ಲೈಸೆನ್ಸ್ ಬೇಡವೆಂದರೆ ಗುಬ್ಬಿ, ಪಾರಿವಾಳ, ಅಳಿಲುಗಳ ಮೇಲೆ ಕೈ ಮಾಡಬಹುದೆಂದು ಅರ್ಥವಲ್ಲ. ಇಷ್ಟು ನಿಖರವಾದ ಯಂತ್ರವನ್ನು ಹಕ್ಕಿ ಹೊಡೆಯಲು ಎತ್ತುವುದು ನನಗೆ ಸಹಿಸಲಾಗದ ಮಾತು; ವನ್ಯಜೀವಿ ಕಾಯ್ದೆಯ ಅಡಿಯಲ್ಲಿ ಅಪರಾಧವೂ ಹೌದು. ಆಸಕ್ತಿ ಹುಟ್ಟಿದವರು ಮೊದಲು ಹತ್ತಿರದ ರೈಫಲ್ ಕ್ಲಬ್ಬಿಗೆ ಹೋಗಿ, ತರಬೇತುದಾರರ ಪಕ್ಕ ನಿಂತು ಕ್ಲಬ್ಬಿನ ರೈಫಲ್ಲನ್ನೇ ಹಿಡಿದು ನೋಡಿ. ಕೊಳ್ಳುವ ಮಾತು ಆಮೇಲೆ. ಸೆಕೆಂಡ್ ಹ್ಯಾಂಡ್ ಪಿಸಿಪಿ ಕೊಳ್ಳುವುದಾದರೆ ನಳಿಕೆ, ಟ್ರಿಗರ್, ಹಿಡಿಯ ಅಂದ ನೋಡುವ ಮೊದಲು ಸಿಲಿಂಡರಿನ ಮೇಲೆ ಕೆತ್ತಿರುವ ತಯಾರಿಕೆಯ ತಾರೀಖು ಓದಿ. ಸ್ಪರ್ಧೆಯ ರೈಫಲ್ ತಯಾರಿಸುವವರು ಸಿಲಿಂಡರಿಗೆ ಕೊಡುವ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಅದು ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನೂ ಸೇರಿಸಿಯೇ ಚೌಕಾಸಿ ಮಾಡಿ, ಹಳೆಯದಕ್ಕೆ ಮತ್ತೆ ಗಾಳಿ ತುಂಬಬೇಡಿ.